ಜಾಣಕಿವುಡಿಗೆ ಮಿಷನ್ ಇಲ್ಲ

ನಮ್ಮ ದೊಡ್ಡಪ್ಪನ ಎಲೆಗೆ ನಾಲ್ಕು ಹೋಳಿಗೆ ಬಿದ್ದದ್ದು ಹೊಟ್ಟೆಬಾಕತನದಿಂದಲ್ಲ, ಒಂದು ಸಕಾರದಿಂದ.

ಹೊಸದುರ್ಗ ಸೀಮೆಯ ಮದುವೆ. ಬಡಿಸುವ ಹುಡುಗ ಒಂದು ಹೋಳಿಗೆ ಹಾಕಿ "ಸಾಕಾ?" ಅಂದ. ದೊಡ್ಡಪ್ಪನ ಕಿವಿಗೆ ಸಕಾರ ತಲುಪಲಿಲ್ಲ, "ಆಕಾ" ಅಂತ ಏನೋ ತಲುಪಿತು. ಮಿಕ್ಕಿದ್ದನ್ನು ಮನಸ್ಸೇ ತುಂಬಿಕೊಂಡು "ಹಾಕ್ಲಾ?" ಅಂತ ಓದಿಕೊಂಡಿತು. ಸಕ್ಕರೆ ಕಾಯಿಲೆಯ ಮನುಷ್ಯ, ನಿಯತ್ತಾಗಿ "ಉಹೂಂ" ಅಂತ ತಲೆ ಆಡಿಸಿದರು. ಸಾಕಾ ಅಂದದ್ದಕ್ಕೆ ಉಹೂಂ ಅಂದರೆ ಸಾಲದು ಅಂತ ತಾನೆ? ಹುಡುಗ ಇನ್ನೊಂದು ಹಾಕಿದ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ, ಮತ್ತೊಂದು ಹೋಳಿಗೆ. ಈ ಸಲ ದೊಡ್ಡಪ್ಪ ಎಲೆಗೆ ಎರಡೂ ಕೈ ಅಡ್ಡ ಹಿಡಿದು "ಸಾಕು!" ಅಂತ ಕೂಗಿದರು. ಹೊರಗೆ ಡಿಜೆ ಕುಟ್ಟುತ್ತಿತ್ತು. ಹದಿನೆಂಟರ ಹುಡುಗನ ಹೊಚ್ಚಹೊಸ ಕಿವಿಗೆ ಅದು "ಹಾಕು!" ಅಂತ ಕೇಳಿಸಿತು. ನಾಲ್ಕನೆಯದನ್ನು ಕೈಯ ಮೇಲೇ ಇಟ್ಟು ಮುಂದಕ್ಕೆ ಹೋದ.

ಪಂಕ್ತಿಗೆ ಪಂಕ್ತಿಯೇ ನಕ್ಕದ್ದು ದೊಡ್ಡಪ್ಪನನ್ನು ನೋಡಿ. ಹುಡುಗನನ್ನು ನೋಡಿ ಯಾರೂ ನಗಲಿಲ್ಲ. ದೊಡ್ಡಪ್ಪನ ಹಾಗೆ ಅವನ ಕಿವಿಯಲ್ಲಿ ಕೇಳುವ ಮಿಷನ್ ಇರಲಿಲ್ಲವಲ್ಲ.

ದೊಡ್ಡಪ್ಪ ಮೂವತ್ತು ವರ್ಷ ಹಿಟ್ಟಿನ ಮಿಲ್ಲು ನಡೆಸಿದವರು. ಊರಿನ ರಾಗಿಯ ಜೊತೆಗೆ ತಮ್ಮ ಕಿವಿಯನ್ನೂ ನುಣ್ಣಗೆ ಬೀಸಿಕೊಂಡರು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆಯಲ್ಲ, ಅದರೊಳಗೆ ಸುಮಾರು 15,000 ರೋಮಕೋಶಗಳು. ಹುಟ್ಟುವಾಗ ಎಷ್ಟೋ ಅಷ್ಟೇ, ಉದುರಿದ್ದು ಮತ್ತೆ ಮೊಳೆಯುವುದಿಲ್ಲ. ಕೀರಲು ಸದ್ದು ಹಿಡಿಯುವ ಕೋಶಗಳು ಬಾಗಿಲ ಬುಡದಲ್ಲೇ ಕೂತಿರುತ್ತವೆ, ಸಾಮಾನ್ಯವಾಗಿ ಮೊದಲು ಸವೆಯುವುದೂ ಅವೇ. ಸ, ಶ, ತ, ಫ ಎಲ್ಲ ಆ ಮೇಲಿನ ಸ್ಥಾಯಿಯ ಬಡಕಲು ಸದ್ದುಗಳು. ಆ, ಊ, ಓ ಎಲ್ಲ ಕೆಳಗಿನ ಸ್ಥಾಯಿಯ ಗಟ್ಟಿ ಸದ್ದುಗಳು. ಹಾಗಾಗಿ ಸ್ವರ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ. ಊಟದಲ್ಲಾದರೂ ಅಷ್ಟೇ ತಾನೆ, ವ್ಯಂಜನವಿಲ್ಲದೆ ಬರೀ ಅನ್ನ ಬಡಿಸಿದರೆ ಇದು ಯಾವ ಹಬ್ಬದ ಊಟ ಅಂತ ಯಾರಿಗೆ ಗೊತ್ತಾಗಬೇಕು?

"ಮಾತಾಡ್ತಿದೀರ ಅಂತ ಗೊತ್ತಾಗ್ತೈತೆ ಕಣಪ್ಪ, ಏನ್ ಮಾತಾಡ್ತಿದೀರ ಅಂತ ಗೊತ್ತಾಗಲ್ಲ" ಅನ್ನುತ್ತಾರೆ ದೊಡ್ಡಪ್ಪ. ವಿಧಾನಸಭೆಯ ಕಲಾಪ ನೋಡುವಾಗ ನಮಗೆಲ್ಲ ಆಗುವ ಅನುಭವ ಅವರಿಗೆ ಮನೆಯ ಜಗಲಿಯಲ್ಲೇ ಆಗುತ್ತದೆ.

ಹಾಗಂತ ಈ ನಷ್ಟದಲ್ಲಿ ಲಾಭವೇ ಇರಲಿಲ್ಲ ಅನ್ನುವಂತಿಲ್ಲ. ಯಾರಾದರೂ ಬಂದು "ಒಂದೈದು ಸಾವಿರ ಸಾಲ ಬೇಕಿತ್ತು" ಅಂದರೆ "ಹಾಲಾ? ಏಯ್, ಇವರಿಗೊಂದು ಲೋಟ ಹಾಲು ಕೊಡೇ" ಅಂತ ಒಳಗೆ ಕೂಗುತ್ತಿದ್ದರು. ಬಂದವರು ಹಾಲು ಕುಡಿದು ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ಅದು ಕಿವುಡೋ ಜಾಣಕಿವುಡೋ ದೊಡ್ಡಮ್ಮನಿಗೂ ಇವತ್ತಿನವರೆಗೆ ಪತ್ತೆಯಾಗಿಲ್ಲ.

ಮಿಷನ್ ಕೊಳ್ಳುವ ಮೊದಲು ಮಂದಶ್ರವಣದ ಸರ್ಟಿಫಿಕೇಟಿಗೆ ಸರ್ಕಾರದ ಬಾಗಿಲು ತಟ್ಟಿದ್ದೂ ಆಯಿತು. ಸದ್ದೇ ಒಳಬಾರದ ಒಂದು ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ "ಕೂ... ಕೂ..." ಅಂತ ಶಿಳ್ಳೆ ಕೇಳಿಸಿದರು. ಕೇಳಿಸಿದಾಗಲೆಲ್ಲ ಬೆರಳು ಎತ್ತಬೇಕು. ಎರಡೂ ಕಿವಿಯಲ್ಲಿ ಐವತ್ತು ಚಿಲ್ಲರೆ ಡೆಸಿಬಲ್ ನಷ್ಟ ಅಂತ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮಂದಶ್ರವಣದವರು ಅನ್ನಿಸಿಕೊಳ್ಳಲು ಎರಡೂ ಕಿವಿಯಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟವಾಗಿರಬೇಕು, ಕಿವುಡರು ಅನ್ನಿಸಿಕೊಳ್ಳಲು 70. ಅಂದರೆ ದೊಡ್ಡಪ್ಪ ಹೆಂಡತಿಯ ಲೆಕ್ಕದಲ್ಲಿ ಪೂರ್ತಿ ಕಿವುಡರು, ಸರ್ಕಾರದ ಲೆಕ್ಕದಲ್ಲಿ ಇನ್ನೂ ಅಭ್ಯರ್ಥಿ. ಪಾಸಾಗಲು ಕೆಲವೇ ಅಂಕ ಕಡಿಮೆ ಬಿದ್ದ ಹುಡುಗನ ಹಾಗೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರು.

ಸದ್ದಿಲ್ಲದ ಕೋಣೆಯಲ್ಲಿ ಶಿಳ್ಳೆ ಕೇಳುವುದು ಒಂದು ಪರೀಕ್ಷೆ, ನಿಜ. ಆದರೆ ಆ ಕೋಣೆಯಲ್ಲಿ ಯಾರೂ ಸಂಸಾರ ಮಾಡುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ತಜ್ಞರಿಗೆ ಇದು ಚೆನ್ನಾಗಿ ಗೊತ್ತು. ಹತ್ತಾರು ಜನ ಒಟ್ಟಿಗೆ ಮಾತಾಡುವ ಗುಜುಗುಜು ಹಾಕಿ, ಅದರ ನಡುವೆ ಕನ್ನಡ ವಾಕ್ಯ ಕೇಳಿಸಿ, ಎಷ್ಟು ಪದ ಹಿಡಿದರು ಅಂತ ಅಳೆಯುವ ಪರೀಕ್ಷೆಗಳೂ ಅಲ್ಲಿ ತಯಾರಾಗಿವೆ. ಕಾಯ್ದೆಯ ಪುಟಕ್ಕೆ ಮಾತ್ರ ಆ ಗುಜುಗುಜು ಇನ್ನೂ ತಲುಪಿಲ್ಲ.

ಕೊನೆಗೆ ಅಂಗಡಿ. ಯಾವ ಅಂಗಡಿ ಅಂತ ಕೇಳಬೇಡಿ, ಎಲ್ಲ ಅಂಗಡಿಯಲ್ಲೂ ಇದೇ ಹಾಡು. ಎಸಿ ಹಾಕಿದ, ಗಾಜಿನ ಬಾಗಿಲು ಮುಚ್ಚಿದ, ಇರುವೆ ಕೆಮ್ಮಿದರೂ ಕೇಳಿಸುವ ಕೋಣೆ. ಟೈ ಕಟ್ಟಿದ ಹುಡುಗ ಎರಡು ಅಡಿ ದೂರದಲ್ಲಿ ಕೂತು, ದೊಡ್ಡಪ್ಪನ ಮುಖ ನೋಡಿಕೊಂಡು, ಬಿಡಿಬಿಡಿಯಾಗಿ "ಅಂಕಲ್, ಈಗ ಕೇಳಿಸ್ತಾ ಇದೆಯಾ?" ಅಂದ.

"ಕೇಳಿಸ್ತೈತೆ!"

"ಇದರಲ್ಲಿ ನಾಯ್ಸ್ ರಿಡಕ್ಷನ್ ಇದೆ ಅಂಕಲ್. ಎಐ ಇದೆ. ಎಷ್ಟೇ ಗಲಾಟೆ ಇದ್ರೂ ಮಾತು ಮಾತ್ರ ಒಳಗೆ ಬರುತ್ತೆ. ಹದಿನಾರು ಚಾನೆಲ್ ಇದೆ."

"ನಮ್ಮನೆ ಟಿವೀಲಿ ಇನ್ನೂರು ಚಾನೆಲ್ ಐತೆ. ಒಂದರಲ್ಲೂ ಏನ್ ಹೇಳ್ತಾರೆ ಅಂತ ತಿಳಿಯಲ್ಲ" ಅಂದರು ದೊಡ್ಡಪ್ಪ. ಆದರೂ ಕೊಂಡರು. ಎರಡು ಕಿವಿಗೆ ಸೇರಿ ಎರಡು ಸೀಮೆಹಸುವಿನ ಬೆಲೆ. ಹಸುವಾದರೆ ಹಾಲಾದರೂ ಕೊಡುತ್ತಿತ್ತು ಅಂತ ದೊಡ್ಡಮ್ಮ ಗೊಣಗಿದ್ದು ಆ ಎಸಿ ಕೋಣೆಯಲ್ಲಿ ದೊಡ್ಡಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು. ಮಿಷನ್ನಿನ ಮೊದಲ ಯಶಸ್ಸು ಅದು.

ಗಾಜಿನ ಬಾಗಿಲು ದಾಟಿ ಬಸ್‌ಸ್ಟ್ಯಾಂಡಿಗೆ ಬಂದದ್ದೇ ತಡ, ಹಾರನ್ನು, ಕಂಡಕ್ಟರು, ಸೌತೆಕಾಯಿ ಮಾರುವವರು, ಚುನಾವಣೆ ಇಲ್ಲದಿದ್ದರೂ ಪ್ರಚಾರ ಮಾಡುವ ಆಟೋ, ಎಲ್ಲವೂ ಹದಿನಾರು ಚಾನೆಲ್‌ನಲ್ಲಿ ಒಟ್ಟಿಗೆ ಬಂದು ಬಿದ್ದವು. ನಾನು ಪಕ್ಕದಲ್ಲೇ ನಿಂತು ಹೇಳಿದ ಒಂದು ಮಾತು ಮಾತ್ರ ಬೀಳಲಿಲ್ಲ.

ಮಿಷನ್ನಿಗೆ ಬೈದು ಪ್ರಯೋಜನವಿಲ್ಲ, ಅದರ ಕಷ್ಟ ಅದಕ್ಕೆ. ಈ ನಾಯ್ಸ್ ರಿಡಕ್ಷನ್ ಅನ್ನುವುದು ಏನು ಅಂತ ಮಿಲ್ಲಿನವರಿಗೆ ಸುಲಭವಾಗಿ ಹೇಳಬಹುದು, ಅದೊಂದು ಜರಡಿ. ಬಂದ ಸದ್ದನ್ನು ಸ್ಥಾಯಿಗೆ ತಕ್ಕಂತೆ ಹೋಳು ಮಾಡುತ್ತದೆ. ಪ್ರತಿ ಹೋಳಿನಲ್ಲೂ ಸದ್ದು ಏರಿಳಿಯುತ್ತಿದೆಯೋ, ಒಂದೇ ಸಮ ಇದೆಯೋ ಅಂತ ನೋಡುತ್ತದೆ. ಮನುಷ್ಯರ ಮಾತು ಅಕ್ಷರ ಅಕ್ಷರಕ್ಕೆ ಏರಿ ಇಳಿಯುತ್ತದೆ, ಸೆಕೆಂಡಿಗೆ ನಾಲ್ಕೈದು ಸಲ. ಫ್ಯಾನು, ಪಂಪ್‌ಸೆಟ್ಟು, ಬಸ್ಸಿನ ಎಂಜಿನ್ನು ಒಂದೇ ಸಮ ಗುಂಯ್‌ಗುಡುತ್ತವೆ. ಗುಂಯ್ ಅಂದ ಹೋಳಿನ ಸದ್ದನ್ನು ಮಿಷನ್ ತಗ್ಗಿಸುತ್ತದೆ. ಅಷ್ಟರಮಟ್ಟಿಗೆ ತಲೆನೋವು ಕಡಿಮೆ, ದಣಿವು ಕಡಿಮೆ, ಕಿವಿಗೆ ಹಿತ.

ಆದರೆ ಮಾತೂ ಗದ್ದಲವೂ ಒಂದೇ ಹೋಳಿನಲ್ಲಿ ಕೂತಿದ್ದರೆ? ಅಕ್ಕಿಯೂ ಕಲ್ಲೂ ಒಂದೇ ಗಾತ್ರವಾದರೆ ಜರಡಿ ಏನು ಮಾಡೀತು? ಎರಡನ್ನೂ ಹಿಡಿಯುತ್ತದೆ, ಇಲ್ಲವೇ ಎರಡನ್ನೂ ಉದುರಿಸುತ್ತದೆ. ಹಾಗಾಗಿ ಬರೀ ಈ ಜರಡಿಯಿಂದ ಗದ್ದಲ ಹಿತವಾಗುತ್ತದೆಯೇ ಹೊರತು ಹೆಚ್ಚು ಪದ ಅರ್ಥವಾಗುವುದು ಅಪರೂಪ ಅಂತ ಸಂಶೋಧಕರು ಬಹಳ ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಇನ್ನು ಗದ್ದಲವೇ ಮಾತಾಗಿದ್ದರೆ ಕತೆ ಮುಗಿಯಿತು. ಎದುರಿಗೆ ಸೊಸೆ ಏನೋ ಕೇಳುತ್ತಿದ್ದಾಳೆ, ಬೆನ್ನ ಹಿಂದೆ ಮೂವರು ಷಡ್ಡಕರು ಅಡಿಕೆ ರೇಟು, ಬೋರ್‌ವೆಲ್ಲು, ಭಾಗಪತ್ರದ ವಿಚಾರ ಚರ್ಚಿಸುತ್ತಿದ್ದಾರೆ. ಮಿಷನ್ನಿನ ದೃಷ್ಟಿಯಲ್ಲಿ ಇವರೆಲ್ಲರದೂ ಏರಿಳಿಯುವ, ಮರ್ಯಾದಸ್ಥ, ರಕ್ಷಣೆಗೆ ಅರ್ಹವಾದ ಮಾತೇ. ಹೊಸ ಎಐ ಚಿಪ್ಪಿನವು ಹಳೆಯವಕ್ಕಿಂತ ಮೇಲು, ಒಪ್ಪಿದೆ. ಆದರೆ ದೊಡ್ಡಪ್ಪನಿಗೆ ಬೇಕಾದದ್ದು ಸೊಸೆಯ ಮಾತೋ ಭಾಗಪತ್ರದ ಮಾತೋ ಅಂತ ಚಿಪ್ಪಿಗೆ ಹೇಗೆ ಗೊತ್ತಾಗಬೇಕು? ನಮಗೇ ಗೊತ್ತಿಲ್ಲ.

ಸ್ವಲ್ಪ ನಿಜವಾದ ಉಪಕಾರ ಮಾಡುವುದು ದಿಕ್ಕು ಹಿಡಿಯುವ ಜೋಡಿ ಮೈಕು. ಮುಂದಿನ ಸದ್ದನ್ನು ಉಳಿಸಿ ಹಿಂದಿನದನ್ನು ತಗ್ಗಿಸಿ 2ರಿಂದ 4 ಡೆಸಿಬಲ್‌ನಷ್ಟು ಅನುಕೂಲ ಮಾಡಿಕೊಡುತ್ತದೆ. ಷರತ್ತು ಒಂದೇ, ಮಾತಾಡುವವರು ಮುಂದೆ ಇರಬೇಕು, ಗಲಾಟೆ ಹಿಂದೆ ಇರಬೇಕು. ನಮ್ಮ ಮದುವೆಗಳಲ್ಲಿ ಗಲಾಟೆಗೆ ಹಿಂದೆ ಮುಂದೆ ಅಂತ ಇದೆಯೆ? ತಗಡಿನ ಚಾವಣಿ, ಗ್ರಾನೈಟ್ ನೆಲ, ಬರೀ ಗೋಡೆ. ಆಡಿದ ಮಾತು ನಾಲ್ಕು ಕಡೆ ಬಡಿದು ತಾನೇ ಗಲಾಟೆಯಾಗಿ ವಾಪಸು ಬರುತ್ತದೆ.

ಗದ್ದಲದೊಳಗಿಂದ ಒಂದೇ ದನಿಯನ್ನು ಆರಿಸಿಕೊಳ್ಳುವ ಈ ಕಷ್ಟಕ್ಕೆ ಇಂಗ್ಲೆಂಡಿನ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ 1953ರಲ್ಲಿ ಕಾಕ್‌ಟೇಲ್ ಪಾರ್ಟಿ ಸಮಸ್ಯೆ ಅಂತ ಹೆಸರಿಟ್ಟ. ಅವರ ಕಡೆ ಪಾರ್ಟಿ, ನಮ್ಮ ಕಡೆ ಪಂಕ್ತಿ. ಗದ್ದಲದಲ್ಲಿ ಮನುಷ್ಯ ತನಗೇ ಅರಿವಿಲ್ಲದೆ ದನಿ ಏರಿಸುತ್ತಾನೆ ಅಂತ ಫ್ರಾನ್ಸಿನ ಕಿವಿ ವೈದ್ಯ ಲೊಂಬಾರ್ 1911ರಲ್ಲೇ ತೋರಿಸಿದ್ದ. ನಮ್ಮಲ್ಲಿ ಅದಕ್ಕೆ ಇನ್ನೊಂದು ಮೆಟ್ಟಿಲು ಸೇರಿದೆ. ಜನ ದನಿ ಏರಿಸಿದ್ದು ಕೇಳಿ ಡಿಜೆಯವನು ಹಾಡು ಏರಿಸುತ್ತಾನೆ, ಹಾಡು ಏರಿದ್ದಕ್ಕೆ ಜನ ಇನ್ನೂ ಏರಿಸುತ್ತಾರೆ. ಈ ಹರಾಜಿನಲ್ಲಿ ಕೊನೆಗೆ ಕೂಗು ನಿಲ್ಲುವುದು ಕರೆಂಟು ಹೋದಾಗ.

ಕಾನೂನು ಇಲ್ಲವೆ ಅಂದರೆ, ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಘೋಷಿಸಬಹುದು ಅಂತಲೂ ಅದರಲ್ಲಿದೆ. ಊರಿಗೆ 55ರ ಮಿತಿ, ಮಂದಶ್ರವಣದ ಸರ್ಟಿಫಿಕೇಟಿಗೆ 60ರ ಮಿತಿ. ಎರಡೂ ಒಂದೇ ಅಳತೆಗೋಲಲ್ಲ, ಗೊತ್ತಿದೆ. ಆದರೆ ಗೆರೆ ಮೀರಿದ ಊರಿಗೆ ಏನೂ ಆಗುವುದಿಲ್ಲ, ಗೆರೆ ಮುಟ್ಟದ ಕಿವಿಗೆ ಏನೂ ಸಿಗುವುದಿಲ್ಲ. ಎರಡೂ ಕಡೆ ಡೆಸಿಬಲ್ ಉಳಿದದ್ದು ಕಾಗದದ ಮೇಲೆ.

ಹೋಳಿಗೆ ಬಿದ್ದ ಅದೇ ಮದುವೆಯ ರಾತ್ರಿ ಹನ್ನೊಂದಕ್ಕೆ ನಾನು ಪೊಲೀಸರಿಗೆ ಫೋನ್ ಮಾಡಿದೆ. "ಸ್ವಾಮಿ, ಇಲ್ಲಿ ಡಿಜೆ..."

"ಹಲೋ? ಕೇಳಿಸ್ತಿಲ್ಲ ಕಣ್ರೀ. ಅಲ್ಲೇನೋ ಗಲಾಟೆ. ಸ್ವಲ್ಪ ಆಚೆ ಬಂದು ಮಾತಾಡಿ."

"ಆ ಗಲಾಟೆ ಬಗ್ಗೆನೇ ಫೋನ್ ಮಾಡಿರೋದು!"

"ಏನೂ ಕೇಳಿಸ್ತಿಲ್ಲ. ಗಲಾಟೆ ನಿಂತ ಮೇಲೆ ಮಾಡಿ."

ಆ ಗಲಾಟೆಯಲ್ಲಿ ಅವರಿಗೆ ನಿಜವಾಗಲೂ ಕೇಳಿಸಲಿಲ್ಲವೋ ಏನೋ. ದೊಡ್ಡಪ್ಪ "ಹಾಲಾ?" ಅನ್ನುತ್ತಿದ್ದ ದಾಟಿ ನೆನಪಾಯಿತು. ಇವರು ಲೋಟ ಹಾಲನ್ನೂ ಕೊಡಲಿಲ್ಲ, ಅಷ್ಟೇ ವ್ಯತ್ಯಾಸ.

ನಾವೆಲ್ಲ ಚಿತ್ರದುರ್ಗದವರು, ಓಬವ್ವನ ನೆಲದವರು. ಕಹಳೆಯ ಮುದ್ದಹನುಮ ಊಟಕ್ಕೆ ಕೂತಿದ್ದ ಹೊತ್ತು, ನೀರಿಗೆ ಬಂದ ಓಬವ್ವನಿಗೆ ಬಂಡೆಯ ಕಿಂಡಿಯ ಕಡೆಯಿಂದ ಗುಸುಗುಸು ಕೇಳಿಸಿತು, ಕೈಗೆ ಒನಕೆ ಬಂತು ಅಂತ ದುರ್ಗದ ಮಕ್ಕಳೆಲ್ಲ ಕತೆ ಒಪ್ಪಿಸುತ್ತಾರೆ. ಒನಕೆಯನ್ನು ಎಲ್ಲರೂ ಹೊಗಳುತ್ತಾರೆ. ಆ ಗುಸುಗುಸು ಕೇಳುವಷ್ಟು ಕೋಟೆ ಸುಮ್ಮನಿತ್ತು ಅನ್ನುವುದನ್ನು ಯಾರೂ ಗಮನಿಸಿಲ್ಲ. ಅವತ್ತು ಕೋಟೆಯ ಬಾಗಿಲಲ್ಲಿ ಒಂದು ಡಿಜೆ ನಿಂತಿದ್ದರೆ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೆವಳಬೇಕಾಗಿಯೇ ಇರಲಿಲ್ಲ, ಕುಣಿದುಕೊಂಡು ಒಳಗೆ ಬರಬಹುದಿತ್ತು.

ಹೋಳಿಗೆ ಪ್ರಕರಣದ ನಂತರ ದೊಡ್ಡಮ್ಮ ಹರಕೆ ಹೊತ್ತರು, ಹಾಲುರಾಮೇಶ್ವರಕ್ಕೆ ಹೋಗಿಬರೋಣ ಅಂತ. ಸಾಲ ಕೇಳಿದವರಿಗೆ ಹಾಲು ಕೊಟ್ಟ ಪುಣ್ಯಾತ್ಮ ಹಾಲುರಾಮೇಶ್ವರಕ್ಕಲ್ಲದೆ ಇನ್ನೆಲ್ಲಿಗೆ ಹೋಗಬೇಕು? ನಮ್ಮ ಹೊಸದುರ್ಗ ತಾಲ್ಲೂಕಿನ ಈ ಕ್ಷೇತ್ರದಲ್ಲಿ ಗಂಗಮ್ಮನ ಕೊಳ ಇದೆ. ಭಕ್ತರು ಅದರ ಮುಂದೆ ಮನಸ್ಸಿನಲ್ಲಿದ್ದದ್ದನ್ನು ಬೇಡಿಕೊಳ್ಳುತ್ತಾರೆ. ನೀರಿನೊಳಗಿಂದ ಹಣ್ಣೋ ಕಾಯೋ ಎಲೆಯೋ ಬಳೆಯೋ ಏನಾದರೊಂದು ತೇಲಿ ಬರುತ್ತದೆ, ಅದೇ ತಾಯಿ ಕೊಟ್ಟ ಪ್ರಸಾದ, ಅದೇ ಉತ್ತರ ಅಂತ ನಂಬಿಕೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನನಗೆ ಹಿಡಿಸಿದ ಸಂಗತಿ ಬೇರೆ. ಕೇಳಿದ ಪ್ರಶ್ನೆಗೆ ಸದ್ದಿಲ್ಲದೆ ಉತ್ತರ ಸಿಗುವ ಜಾಗ ನಮ್ಮ ಜಿಲ್ಲೆಯಲ್ಲಿ ನನಗೆ ಗೊತ್ತಿರುವುದು ಇದೊಂದೇ. ಕಣ್ಣಿದ್ದರೆ ಸಾಕು, ಕಿವಿ ಬೇಡ. ಸರ್ಟಿಫಿಕೇಟೂ ಬೇಡ.

ಟೆಂಪೋ ಟ್ರಾವೆಲರ್ ಮಾಡಿಕೊಂಡು ಹದಿನಾಲ್ಕು ಜನ ಹೊರಟೆವು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಣ್ಣಗೆ ತಿರುಗುತ್ತಿದ್ದವು. ಒಳಗೆ ಹಾಡು, ಹಾಡಿನ ಮೇಲೆ ಮಾತು, ಮಾತಿನ ಮೇಲೆ ಮೂರು ಮೊಬೈಲಿನ ರೀಲ್ಸು, ತೆರೆದ ಕಿಟಕಿಯ ಗಾಳಿ ಸೀದಾ ಮಿಷನ್ನಿನ ಮೈಕಿಗೆ. ದೊಡ್ಡಪ್ಪ ಎರಡನ್ನೂ ಮೆಲ್ಲಗೆ ಬಿಚ್ಚಿ, ಬ್ಯಾಟರಿಯ ಪುಟ್ಟ ಬಾಗಿಲು ತೆರೆದು, ಡಬ್ಬಿಗೆ ಹಾಕಿ, ಡಬ್ಬಿಯನ್ನು ಜೇಬಿಗೆ ಇಳಿಸಿ ಕಣ್ಣು ಮುಚ್ಚಿದರು. ಇವತ್ತಿಗೂ ಇದಕ್ಕಿಂತ ಪರಿಣಾಮಕಾರಿಯಾದ ನಾಯ್ಸ್ ರಿಡಕ್ಷನ್ ಮಾರುಕಟ್ಟೆಗೆ ಬಂದಿಲ್ಲ. ಎರಡು ಸೀಮೆಹಸುಗಳು ಜೇಬಿನಲ್ಲಿ ಮಲಗಿ ಹಾಲುರಾಮೇಶ್ವರ ತಲುಪಿದವು.

ಕೊಳದ ಹತ್ತಿರ ಬಂದಾಗ ದೊಡ್ಡಮ್ಮ ಗದರಿ ಮಿಷನ್ ಹಾಕಿಸಿದರು. ಅರ್ಚಕರು ಕೈ ಎತ್ತಿ "ಯಾರೂ ಮಾತಾಡಬೇಡಿ" ಅಂದರು. ನಂಬಿದರೆ ನಂಬಿ, ಹದಿನಾಲ್ಕು ಬಾಯಿ ಒಟ್ಟಿಗೆ ಮುಚ್ಚಿದವು. ಮೊಬೈಲುಗಳು ಸುಮ್ಮನಾದವು. ಷಡ್ಡಕರ ಭಾಗಪತ್ರವೂ ನಿಂತಿತು. ಅರ್ಚಕರು ದೊಡ್ಡಪ್ಪನ ಎದುರಿಗೆ, ಎರಡು ಅಡಿ ದೂರದಲ್ಲಿ ನಿಂತು, ಮುಖ ನೋಡಿ, "ಯಜಮಾನ್ರೇ, ಮನಸ್ಸಲ್ಲಿ ಏನಿದೆಯೋ ಅದನ್ನ ತಾಯಿ ಹತ್ರ ಕೇಳ್ಕೊಳ್ಳಿ" ಅಂದರು. ಸಾಮಾನ್ಯ ದನಿ, ಕೂಗಲಿಲ್ಲ.

"ಆಗಲಿ ಸ್ವಾಮಿ" ಅಂದರು ದೊಡ್ಡಪ್ಪ. ಮೊದಲ ಸಲಕ್ಕೇ! "ಆಂ?" ಇಲ್ಲ, ಕಿವಿಗೆ ಕೈ ಅಡ್ಡ ಇಲ್ಲ. "ಮನಸ್ಸು" ಅನ್ನುವುದರ ಸಕಾರವೂ ಇಡಿಯಾಗಿ ತಲುಪಿತ್ತು. ದೊಡ್ಡಮ್ಮ ಕಣ್ಣರಳಿಸಿದರು. ನೀರಲ್ಲಿ ಇನ್ನೂ ಏನೂ ತೇಲಿರಲಿಲ್ಲ.

ಆಮೇಲೆ ಒಂದು ಬಾಳೆಹಣ್ಣು ಬಂತು. ಬಂದದ್ದೇ ಹದಿನಾಲ್ಕು ಬಾಯಿ ಮತ್ತೆ ತೆರೆದವು. ಹಣ್ಣು ಬಂದಿದೆ ಅಂದರೆ ಕೋರ್ಟು ಕೇಸು ಗೆದ್ದ ಹಾಗೆ ಅಂತ ಒಬ್ಬರು, ಹಿರೀಮಗಳಿಗೆ ಸಂಬಂಧ ಕೂಡಿಬಂದ ಹಾಗೆ ಅಂತ ಇನ್ನೊಬ್ಬರು, ಈ ವರ್ಷ ಬೋರಲ್ಲಿ ನೀರು ಬೀಳುತ್ತದೆ ಅಂತ ಮತ್ತೊಬ್ಬರು. ದೇವರು ಸದ್ದಿಲ್ಲದೆ ಕೊಟ್ಟ ಉತ್ತರಕ್ಕೂ ನಾವು ಗದ್ದಲ ಸೇರಿಸಿಯೇ ಮನೆಗೆ ತರುವವರು. ದೊಡ್ಡಪ್ಪ ಹಣ್ಣು ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಗಂಗಮ್ಮನ ಮುಂದೆ ಬಾಯ್ ಮುಚ್ಕೊಂಡು ಇರೋಕೆ ಬರ್ತೈತೆ. ನನ್ ಮುಂದೆ ಯಾಕಪ್ಪ ಬರಲ್ಲ?"

ನಾನು ಕೇಳಿಸದವನಂತೆ ಚಪ್ಪಲಿ ಹುಡುಕತೊಡಗಿದೆ.

ಹುಡುಕುತ್ತಾ ಲೆಕ್ಕ ಹಾಕಿದೆ. ಬಯಲಲ್ಲಿ ನಾಲ್ಕು ಅಡಿ ದೂರದಿಂದ ಎರಡು ಅಡಿಗೆ ಬಂದರೆ ಮಾತು 6 ಡೆಸಿಬಲ್ ಜೋರಾಗುತ್ತದೆ. ಎರಡು ಸೀಮೆಹಸು ಕೊಟ್ಟು ತಂದ ಜೋಡಿ ಮೈಕು ಕೊಡುವುದಕ್ಕಿಂತ ಇದು ಹೆಚ್ಚು. ಎರಡು ಅಡಿ ಹತ್ತಿರ ಬರಲು ಬ್ಯಾಟರಿ ಬೇಡ, ಕಂತೂ ಬೇಡ. ಮುಖ ಕಾಣುವಂತೆ ನಿಂತರೆ ಕಿವಿ ಬಿಟ್ಟ ವ್ಯಂಜನಗಳಲ್ಲಿ ಒಂದಿಷ್ಟನ್ನು ತುಟಿ ನೋಡಿ ಕಣ್ಣು ಹಿಡಿದುಕೊಳ್ಳುತ್ತದೆ. ಕಿರುಚಬಾರದು, ಕಿರುಚಿದರೆ ಸ್ವರ ಉಬ್ಬುತ್ತದೆ, ವ್ಯಂಜನ ಅಲ್ಲೇ ಉಳಿಯುತ್ತದೆ. ಒಂದು ಪದ ತಲುಪದಿದ್ದರೆ ಅದನ್ನೇ ಹತ್ತು ಸಲ ಹೇಳುವ ಬದಲು ಬೇರೆ ಪದದಲ್ಲಿ ಹೇಳಬೇಕು. ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕು, ಟಿವಿ ಆರಿಸಬೇಕು. ಇಷ್ಟನ್ನೂ ಆ ಟೈ ಕಟ್ಟಿದ ಹುಡುಗ ಮಾರುವಾಗ ಮಾಡಿ ತೋರಿಸಿದ್ದ, ಅರ್ಚಕರು ದುಡ್ಡಿಲ್ಲದೆ ಮಾಡಿದರು. ಮನೆಯಲ್ಲಿ ನಾವು ಹದಿಮೂರು ಜನ ಒಂದು ದಿನವೂ ಮಾಡಿರಲಿಲ್ಲ. ನಮಗೆ ಗೊತ್ತಿರಲಿಲ್ಲ ಅಂತಲ್ಲ. ದೊಡ್ಡಪ್ಪ ವರ್ಷಗಳಿಂದ ಹೇಳುತ್ತಿದ್ದರು, ನಮಗೆ ಕೇಳಿಸಿರಲಿಲ್ಲ. ಆ ಕಾಯಿಲೆಗೆ ಮಿಷನ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮುಂದಿನ ತಿಂಗಳು ಹೊಳಲ್ಕೆರೆ ಕಡೆ ಇನ್ನೊಂದು ಮದುವೆ ಇದೆ. ಬಡಿಸುವ ತಮ್ಮಂದಿರಲ್ಲಿ ಒಂದು ವಿನಂತಿ. ಕಿವಿಯಲ್ಲಿ ಮಿಷನ್ ಇರುವ ಹಿರಿಯರ ಎಲೆಯ ಮುಂದೆ ಒಂದು ಗಳಿಗೆ ನಿಲ್ಲಿ. ಹೋಳಿಗೆ ತೋರಿಸಿ, ಮುಖ ನೋಡಿ ಕೇಳಿ. ಉತ್ತರ ಬರುವ ತನಕ ಹೋಳಿಗೆ ನಿಮ್ಮ ಕೈಯಲ್ಲೇ ಇರಲಿ.